ಮೂರನೆಯ ಹೆಡ್ಡಿಗೆ ಏರದ ಎಣ್ಣೆ

ಮೌನೇಶ, ಸಾವಿತ್ರಿ, ಹೋದ ಬೇಸಿಗೆ ಸೂಟಿಗೆ ಬಂದಾಗ ನೀವಿಬ್ಬರೂ ಅಟ್ಟದ ಮೇಲಿನ ಹಿತ್ತಾಳೆ ಪಂಪನ್ನು ಇಳಿಸಿ ತಂದು, "ಆಯಿ, ಇದು ಹತ್ತಿಗಿ ಎಣ್ಣಿ ಹೊಡಿಯೋ ಪಂಪ್ ಹೌದಿಲ್ಲೊ?" ಎಂದು ಕೇಳಿದಿರಿ. ನಾನು ಹೌದೆಂದು ತಲೆಯಾಡಿಸಿ ಅಡುಗೆಮನೆಗೆ ಹೋಗಿಬಿಟ್ಟೆ. ಅದು ಸುಳ್ಳು. ಆ ಪಂಪಿನ ವಿಷಯದಲ್ಲಿ ನಾನು ಹೇಳಿದ ಎರಡನೆಯ ಸುಳ್ಳು. ಮೊದಲನೆಯದನ್ನು ಹೇಳಿದಾಗ ನಿಮ್ಮ ಅಪ್ಪ ಇನ್ನೂ ತೊಟ್ಟಿಲಲ್ಲಿದ್ದ.

ಎದುರು ಕೂತು ಹೇಳುವುದು ನನ್ನಿಂದ ಆಗದು. ನಾಲ್ಕು ಜನರ ನಡುವೆ ನಿಂತರೆ ಈ ವಯಸ್ಸಿನಲ್ಲೂ ನನ್ನ ನಾಲಿಗೆ ಒಣಗುತ್ತದೆ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಇದಕ್ಕಾದರೂ ಬರಲಿ ಎಂದು ಬರೆಯುತ್ತಿದ್ದೇನೆ.

ಆಗ ಕೆನಾಲಿಗೆ ನೀರು ಬಿಟ್ಟು ಕೆಲವೇ ವರ್ಷಗಳಾಗಿದ್ದವು. ಜೋಳ, ತೊಗರಿ ಬೆಳೆಯುತ್ತಿದ್ದ ಎರೆ ಹೊಲಗಳನ್ನು ಮಟ್ಟ ಮಾಡಿ ಭತ್ತ ಹಚ್ಚಲು ಶುರು ಮಾಡಿದ್ದರು. ಎತ್ತಿನ ಕಾಲು ಹೂತುಹೋಗುವ ಕೆಸರಿಗೆ ಟ್ರ್ಯಾಕ್ಟರ್ ಬೇಕಾಯಿತು. ಟ್ರ್ಯಾಕ್ಟರ್ ಬಂದ ಮೇಲೆ ಅದನ್ನು ಬಿಚ್ಚಿ ಕಟ್ಟುವವರು ಬೇಕಾದರು. ನಿಮ್ಮ ಮುತ್ಯಾ, ಅಂದರೆ ನನ್ನ ಯಜಮಾನರು, ಶಹಾಪುರದಲ್ಲಿ ಸುರಪುರದ ರಸ್ತೆಗೆ ಹೊಂದಿಕೊಂಡು ನಾಲ್ಕು ಕಂಬ ನಿಲ್ಲಿಸಿ, ತಗಡು ಹಾಕಿ ಶೆಡ್ ಮಾಡಿದ್ದರು. ಶೆಡ್ಡಿನ ಹಿಂದಿನ ಎರಡು ಖೋಲಿಯೇ ನಮ್ಮ ಮನೆ.

ಶೆಡ್ಡಿನಲ್ಲಿ ಇನ್ನೊಬ್ಬರು ಇದ್ದರು. ನಿಮ್ಮ ಮುತ್ಯಾನಿಗೆ ಪಾನಾ ಹಿಡಿದು ನಟ್ಟು ಬಿಚ್ಚುವುದನ್ನು ಕಲಿಸಿದವರು ಅವರೇ. ಊರೆಲ್ಲ ಅವರನ್ನು ಫಿಟ್ಟರ್ ಕಾಕಾ ಎನ್ನುತ್ತಿತ್ತು. ಬೇರಿಂಗ್ ಕೂರಿಸಿ, ಕ್ರ್ಯಾಂಕನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿ, "ಅರ್ಧ ಕೂದಲು ಬಿಗಿ ಅದ" ಎನ್ನುತ್ತಿದ್ದರು. ಅಳೆದು ನೋಡಿದರೆ ಅಷ್ಟೇ ಇರುತ್ತಿತ್ತು. ಆದರೆ ಅವರ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಬಿಸಿಲಲ್ಲಿ ನಿಂತವರ ಮುಖ ಗುರುತಾಗದೆ ದನಿಯಿಂದ ಗುರುತು ಹಿಡಿಯುತ್ತಿದ್ದರು.

ಒಂದು ಮುಂಜಾನೆ ಚಹಾ ಕೊಡಲು ಹೋದಾಗ ಕಾಕಾ ನನ್ನನ್ನು ಕರೆದರು. "ಬೇಟಿ, ಇಲ್ಲಿ ಬಾ. ಈ ರಾಕರ್ ಮ್ಯಾಲ ಎಣ್ಣಿ ಬಂದದೇನು ನೋಡು. ನಿನ್ನ ಗಂಡನ ಕಣ್ಣು ರೋಡಿನ ಮ್ಯಾಲ ಇರ್ತಾವ. ನನ್ನ ಕಣ್ಣು ಎಲ್ಲೂ ಇರಂಗಿಲ್ಲ."

ನಾನು ಬಗ್ಗಿ ನೋಡಿ, "ಬುರುಗು ಬರಾಕತ್ತೈತ್ರಿ," ಎಂದೆ.

"ನೋಡೋ, ಬುರುಗು ಅಂತ ಹೇಳಿದ್ಲು. ನೀ ಆಗಿದ್ರ ಬಂತು ಅಂತಿದ್ದಿ," ಎಂದು ಕಾಕಾ ನಿಮ್ಮ ಮುತ್ಯಾನನ್ನು ಚುಚ್ಚಿದರು. ಅಂದಿನಿಂದ ಅದು ನನ್ನ ಕೆಲಸವಾಯಿತು.

ಆ ಕೆಲಸ ಏನೆಂದು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಪೂರ್ತಿ ಬಿಚ್ಚಿ ಕಟ್ಟಿದ ಇಂಜಿನಿನ ಎಣ್ಣೆ ದಾರಿಗಳು ಒಣಗಿರುತ್ತವೆ. ಅದರ ಸ್ವಂತ ಪಂಪು ತಳದಿಂದ ಎಣ್ಣೆ ಎಳೆದು ಮೇಲೆ ಮುಟ್ಟಿಸುವಷ್ಟರಲ್ಲಿ ಹೊಸ ಬೇರಿಂಗುಗಳು ಒಣಗಿದ್ದಲ್ಲೇ ಉಜ್ಜಿಹೋಗುತ್ತವೆ. ಆದ್ದರಿಂದ ಚಾಲೂ ಮಾಡುವ ಮೊದಲೇ ಕೈಯಿಂದ ಎಣ್ಣೆ ತುಂಬಬೇಕು. ಅದಕ್ಕೆ ನಾವು ಎಣ್ಣೆ ಏರಿಸುವುದು ಎನ್ನುತ್ತಿದ್ದೆವು. ಹತ್ತಿಗೆ ಔಷಧ ಹೊಡೆಯುವ ಒಂದು ಹಿತ್ತಾಳೆ ಪಂಪನ್ನು ಕಾಕಾ ಸೋಡಾ ನೀರಿನಲ್ಲಿ ಮೂರು ದಿನ ಕುದಿಸಿ ತೊಳೆದು, ಅದರ ನಳಿಗೆಯ ತುದಿಗೆ ಲೇತಿನಲ್ಲಿ ಒಂದು ಬಿರಡೆ ಮಾಡಿಸಿದ್ದರು. ಎಣ್ಣೆಯ ಗೇಜಿನ ಪೈಪನ್ನು ಬಿಚ್ಚಿ ಆ ತೂತಿಗೆ ಈ ಬಿರಡೆ ತಿರುಗಿಸುತ್ತಿದ್ದರು. ಇಂಜಿನ್ನಿನ ಪಂಪಿನ ಹಲ್ಲುಗಳಿಗೆ ಮೊದಲೇ ವ್ಯಾಸಲಿನ್ ತುಂಬಿರುತ್ತಿತ್ತು. ಫಿಲ್ಟರಿಗೆ ಎಣ್ಣೆ ಸುರಿದಿರುತ್ತಿತ್ತು. ಎಣ್ಣೆ ತೆಳ್ಳಗಾಗಲೆಂದು ನಾನು ಡಬ್ಬವನ್ನು ಬಿಸಿನೀರಿನ ಬೋಗುಣಿಯಲ್ಲಿ ಇಡುತ್ತಿದ್ದೆ. ಆಮೇಲೆ ಕಾಕಾ ಹ್ಯಾಂಡಲ್ ಒತ್ತುವುದು, ನಿಮ್ಮ ಮುತ್ಯಾ ದೊಡ್ಡ ಪಾನಾ ಹಾಕಿ ಕ್ರ್ಯಾಂಕನ್ನು ಕಾಲು ಸುತ್ತು, ಮತ್ತೆ ಕಾಲು ಸುತ್ತು ತಿರುಗಿಸುವುದು, ನಾನು ಇಂಜಿನಿನ ನೆತ್ತಿಯ ಮೇಲೆ ಏರಿಳಿಯುವ ರಾಕರುಗಳನ್ನು ನೋಡುವುದು. ಮೊದಲು ಬುರುಗು ಬರುತ್ತದೆ. ಬುರುಗು ನಿಂತು, ತಿಳಿ ಎಣ್ಣೆ ಒಸರಿ ರಾಕರಿನ ಮೈಮೇಲೆ ಇಳಿದಾಗ ಮಾತ್ರ "ಬಂತು" ಎನ್ನಬೇಕು. ನಾನು ಹೇಳುವವರೆಗೆ ಕಾಕಾ ಹ್ಯಾಂಡಲ್ ಬಿಡುತ್ತಿರಲಿಲ್ಲ. "ಕಣ್ಣು ನಿಂದು, ಕೈ ನಂದು," ಎನ್ನುತ್ತಿದ್ದರು.

ಆ ವರ್ಷ ಭತ್ತ ನಾಟಿಯ ಮುಂಚೆ ಸಗರದ ಗೌಡರ ಟ್ರ್ಯಾಕ್ಟರ್ ಬಂತು. ಹೊಗೆ ಕಾರುತ್ತಿತ್ತು, ಎಣ್ಣೆ ಕುಡಿಯುತ್ತಿತ್ತು. ಮೂರು ಸಿಲಿಂಡರಿನ ಇಂಜಿನ್, ಮೂರಕ್ಕೂ ಮೇಲೆ ಬೇರೆಬೇರೆ ಹೆಡ್, ಒಂದೊಂದರ ಮೇಲೂ ಅದರದೇ ರಾಕರುಗಳು. ಆ ಮನೆ ನಮಗೆ ಬರಿಯ ಗಿರಾಕಿಯ ಮನೆಯಲ್ಲ. ನನ್ನ ಮಾವನವರು ಸಗರದಲ್ಲಿ ಕಮ್ಮಾರಿಕೆ ಮಾಡುತ್ತಿದ್ದರು. ಗೌಡರದು ಆಯ ಕೊಡುವ ಮನೆ. ವರ್ಷವೆಲ್ಲ ಕುಂಟಿ, ನೇಗಿಲುಗಳ ಕುಡ ಬಡಿದುಕೊಟ್ಟರೆ ಸುಗ್ಗಿಯಲ್ಲಿ ಕಣದಿಂದ ಜೋಳ ಬರುತ್ತಿತ್ತು. ತಮ್ಮ ಕಮ್ಮಾರನ ಮಗನಾದ ನಿಮ್ಮ ಮುತ್ಯಾನ ಕೈಯಿಂದಲೇ ಟ್ರ್ಯಾಕ್ಟರ್ ಕಟ್ಟಿಸಬೇಕೆಂದು ಗೌಡರು ಹಟ ಹಿಡಿದು ಕಳಿಸಿದ್ದರು.

ಕ್ರ್ಯಾಂಕನ್ನು ಯಾದಗಿರಿಗೆ ಒಯ್ದು ಉಜ್ಜಿಸಿ ತಂದರು. ಅದು ಕೊನೆಯ ಅಳತೆ. ಇನ್ನೊಮ್ಮೆ ಕೆಟ್ಟರೆ ಆ ಕ್ರ್ಯಾಂಕ್ ತೂಕಕ್ಕೆ ಹಾಕುವುದಕ್ಕಷ್ಟೇ ಎಂದು ಲೇತಿನವರು ಹೇಳಿ ಕಳಿಸಿದ್ದರು. ಕಾಕಾ ಬೇರಿಂಗ್ ಕೂರಿಸಲು ಎರಡು ದಿನ ತೆಗೆದುಕೊಂಡರು. ಅದಕ್ಕೂ ಮುಂಚೆ ಇಂಜಿನಿನ ಬ್ಲಾಕ್ ತೊಳೆಯುವ ಕೆಲಸ ನನ್ನದಿತ್ತು. ಎಣ್ಣೆ ದಾರಿಗಳನ್ನು ಉದ್ದ ಕಡ್ಡಿಯ ಬ್ರಶ್ಶಿನಿಂದ ಡೀಸೆಲ್ ಹಾಕಿ ತಿಕ್ಕಬೇಕು. ಅಂದು ಬ್ರಶ್ಶಿನ ಕೂದಲು ಉದುರಿಹೋಗಿತ್ತು. ಹೊಸದು ಯಾದಗಿರಿಯಿಂದ ಬರಬೇಕು. "ಎಣ್ಣಿ ದಾರ್ಯಾಗ ಬಟ್ಟಿ ಹೋಗಬಾರ್ದು ಬೇಟಿ, ನಾಳಿ ಮಾಡು," ಎಂದು ಕಾಕಾ ಹಿಂದೆ ಎಷ್ಟೋ ಸಲ ಹೇಳಿದ್ದರು. ನಾಳೆಗೆ ಉಳಿಸಿದರೆ ನನ್ನಿಂದ ಕೆಲಸ ನಿಂತಿತೆಂದು ಆಗುತ್ತದೆ ಅಂದುಕೊಂಡು, ಹಳೆಯ ಹಸಿರು ಸೀರೆಯ ಪಟ್ಟಿಯನ್ನು ತಂತಿಗೆ ಸುತ್ತಿ ಎಳೆದೆ. ಕರಿ ಜಿಡ್ಡು ಚೆನ್ನಾಗಿ ಬಂತು. ಬಟ್ಟೆಯೂ ಪೂರ್ತಿ ಬಂತೆಂದು ತಿಳಿದೆ. ತಂತಿಯ ತುದಿಯನ್ನು ಸರಿಯಾಗಿ ನೋಡಲಿಲ್ಲ.

ಅದು ತಪ್ಪು. ಆದರೆ ಆ ತಪ್ಪನ್ನು ಹಿಡಿಯುವುದಕ್ಕೇ ಎಣ್ಣೆ ಏರಿಸುವ ಪದ್ಧತಿ ಇರುವುದು. ದಾರಿ ಎಲ್ಲಿ ಕಟ್ಟಿದ್ದರೂ ಅಲ್ಲಿಂದ ಮುಂದಿನ ಬೇರಿಂಗಿಗೂ ಹೆಡ್ಡಿಗೂ ಎಣ್ಣೆ ಬರುವುದಿಲ್ಲ. ನೋಡಲು ನಿಂತವಳು "ಬಂದಿಲ್ಲ" ಎಂದರೆ ಸಾಕು.

ಚಾಲೂ ಮಾಡುವ ದಿನ ಶುಕ್ರವಾರ. ರಾಹುಕಾಲ ಹಿಡಿಯುವುದರೊಳಗೆ ಆಗಬೇಕೆಂದು ಗೌಡರು ಮುಂಜಾನೆಯೇ ತೆಂಗಿನಕಾಯಿ, ಊದುಬತ್ತಿ ಹಿಡಿದು ನಾಲ್ಕೈದು ಜನರೊಂದಿಗೆ ಬಂದರು. ಜೊತೆಗೆ ನನ್ನ ಮಾವನವರೂ ಬಂದರು. ನಮ್ಮಲ್ಲಿ ಸೊಸೆ ಮಾವನ ಎದುರು ನಿಲ್ಲುತ್ತಿರಲಿಲ್ಲ. ಅವರು ಬಂದರೆಂದರೆ ಸೆರಗು ಮೂಗಿನವರೆಗೆ ಎಳೆದುಕೊಂಡು ಒಳಗೆ ಸರಿಯಬೇಕು, ನೀರು ಕೊಡಬೇಕಾದರೆ ಹೊಸ್ತಿಲ ಮೇಲೆ ಚೊಂಬಿಟ್ಟು ಬಳೆ ಸದ್ದು ಮಾಡಬೇಕು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಅವರೊಂದಿಗೆ ನಾನು ಒಂದು ಮಾತೂ ಆಡಿರಲಿಲ್ಲ.

ನಾನು ಒಳಗೆ ಹೊರಟಾಗ ನಿಮ್ಮ ಮುತ್ಯಾ ಮೆಲ್ಲಗೆ, "ಎಲ್ಲಿ ಹೋಗ್ತಿ, ಎಣ್ಣಿ ನೋಡಬೇಕಲ್ಲ," ಎಂದರು. ಸೆರಗು ಹೊದ್ದು ರೇಡಿಯೇಟರಿನ ಪಕ್ಕ ನಿಂತೆ.

ಅಷ್ಟರಲ್ಲಿ ಗೌಡರು ಮಾವನವರ ರಟ್ಟೆ ಹಿಡಿದು, "ನಿಮ್ಮ ಮಂದಿ ಮೂರು ತಲಿಮಾರಿಂದ ನಮ್ಮ ಮನೀಗಿ ಕುಡ ಬಡದಾರ. ನೀನ ಮ್ಯಾಲ ಕುಂದ್ರು. ನಿನ್ನ ಕೈಲೆ ಚಾಲೂ ಆಗ್ಲಿ," ಎಂದರು.

"ನಾ ತಿದಿ ಮುಂದ ಕುಂದ್ರಾಂವ್ರಿ ಗೌಡ್ರ. ಇದು ಎದ್ದು ಓಡಿದ್ರ ಯಾರು ಹಿಡೀಬೇಕು?"

"ಹಗ್ಗ ಕಟ್ಟೀವಿ, ಕುಂದ್ರು."

ಎಲ್ಲರೂ ನಕ್ಕು, ಮಾವನವರನ್ನು ಎತ್ತಿ ಸೀಟಿನ ಮೇಲೆ ಕೂರಿಸಿದರು. ಬಾನೆಟ್ ಬಿಚ್ಚಿಟ್ಟಿದ್ದರಿಂದ ಮೂರನೆಯ ಹೆಡ್ ಸ್ಟೇರಿಂಗಿನ ಮುಂದೆ ಬಯಲಾಗಿಯೇ ಇತ್ತು. ಅವರು ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು ಮುಂದೆ ಬಾಗಿ ಕೂತರು. ಅವರ ಧೋತ್ರದ ಚುಂಗು ಆ ಹೆಡ್ಡಿನ ಮೇಲೆ ಇಳಿಬಿದ್ದಿತ್ತು. ಅದನ್ನು ನೋಡಬೇಕಾದರೆ ನಾನು ಮೆಟ್ಟಿಲ ಮೇಲೆ ಕಾಲಿಟ್ಟು, ಅವರ ಗದ್ದದ ಕೆಳಗೆ ತಲೆ ಚಾಚಬೇಕಿತ್ತು.

ಕಾಕಾ ಹ್ಯಾಂಡಲ್ ಒತ್ತತೊಡಗಿದರು. ನಿಮ್ಮ ಮುತ್ಯಾ ಪಾನಾ ಹಾಕಿ ತಿರುಗಿಸಿದರು. ಒಂದನೆಯ ಹೆಡ್ಡಿಗೆ ಬುರುಗು ಬಂತು, ನಿಂತಿತು, ತಿಳಿ ಎಣ್ಣೆ ಬಂತು. "ಬಂತ್ರಿ," ಎಂದೆ. ಸೆರಗಿನೊಳಗಿಂದ ದನಿ ಹೊರಡದ್ದರಿಂದ ನಿಮ್ಮ ಮುತ್ಯಾ ಅದನ್ನೇ ಮತ್ತೊಮ್ಮೆ ಗಟ್ಟಿಯಾಗಿ ಹೇಳಿದರು. ಎರಡನೆಯದೂ ಬಂತು. ಮೂರನೆಯದು ನನಗೆ ಕಾಣುತ್ತಿರಲಿಲ್ಲ.

ಕಾಕಾ ಇನ್ನೂ ನಾಲ್ಕು ಸಲ ಒತ್ತಿ ನಿಲ್ಲಿಸಿದರು. "ಬೇಟಿ, ಹ್ಯಾಂಡಲ್ ಲಗೂನ ಬಿರುಸಾತು. ಇಷ್ಟು ಲಗೂ ಆಗಬಾರ್ದು. ಮೂರನೇದಕ್ಕ ಬಂದದೇನು?"

ಗೌಡರು ಕೈಗಡಿಯಾರ ನೋಡಿದರು. "ಏ ಕಾಕಾ, ಟ್ರ್ಯಾಕ್ಟರಿಗಿ ಸಲಾಯಿನ್ ಹಚ್ಚಿಯೇನು? ಸಾಕು ಬಿಡೋ, ರಾಹುಕಾಲ ಬಂತು."

ಎಲ್ಲರೂ ನಕ್ಕರು. ನಕ್ಕವರೆಲ್ಲ ಆಮೇಲೆ ನನ್ನತ್ತ ತಿರುಗಿದರು. ಮಾವನವರೂ ತಿರುಗಿದರು. ಅಷ್ಟು ಗಂಡಸರು ಒಟ್ಟಿಗೆ ನನ್ನ ಮಾತಿಗೆ ಕಾದದ್ದು ಅದೇ ಮೊದಲು. ನನಗೆ ಅಲ್ಲಿಂದ ಒಳಗೆ ಹೋದರೆ ಸಾಕಾಗಿತ್ತು.

"ಬಂದೈತ್ರಿ," ಎಂದೆ.

ಕಾಕಾ ಹ್ಯಾಂಡಲ್ ಮೇಲಿನ ಕೈಯನ್ನು ತಕ್ಷಣ ತೆಗೆಯಲಿಲ್ಲ. "ಬಂದದಲ್ಲ?" ಎಂದು ಮತ್ತೊಮ್ಮೆ ಕೇಳಿದರು.

"ಹೂಂ."

ಅವರು ಕೈ ತೆಗೆದರು.

ಪಂಪ್ ಬಿಚ್ಚಿ ಗೇಜಿನ ಪೈಪ್ ಹಚ್ಚಿದರು. ಮೂರೂ ಹೆಡ್ಡಿನ ಮುಚ್ಚಳ ಕೂರಿಸಿದರು. ಮಾವನವರು ಸೆಲ್ಫ್ ಒತ್ತಿದರು. ಎರಡು ಸಲ ಮುಗ್ಗರಿಸಿ ಮೂರನೆಯ ಸಲಕ್ಕೆ ಇಂಜಿನ್ ಹಿಡಿಯಿತು. ಗೇಜಿನ ಮುಳ್ಳು ನೆಟ್ಟಗೆ ಏರಿ ನಿಂತಿತು. ಗೇಜಿನ ತೂತು ದಾರಿಯ ಮುಂಭಾಗದಲ್ಲಿತ್ತು, ಹಿಂದೆ ಕಟ್ಟಿದ್ದರೂ ಅದಕ್ಕೆ ತಿಳಿಯುವಂತಿರಲಿಲ್ಲ. ಕಾಯಿ ಒಡೆದರು. ಮಾವನವರು ನಗುತ್ತಿದ್ದುದನ್ನು ಸೆರಗಿನ ಸಂದಿಯಿಂದ ನೋಡಿದೆ. ಅವರು ಹಾಗೆ ನಗುವುದನ್ನು ಮೊದಲು ನೋಡಿರಲಿಲ್ಲ. ನನಗೂ ಎಲ್ಲ ಸರಿಯಾಯಿತೆಂದೇ ಅನ್ನಿಸಿತು. ಒಂದು ಹೆಡ್ ನೋಡದಿದ್ದರೆ ಏನಾಗುತ್ತದೆ, ಎರಡಕ್ಕೆ ಬಂದದ್ದು ಮೂರಕ್ಕೂ ಬಂದಿರುತ್ತದೆ ಎಂದು ಅಡುಗೆಮನೆಯಲ್ಲಿ ನನಗೆ ನಾನೇ ಹೇಳಿಕೊಂಡೆ.

ಆರು ದಿನ ಓಡಿತು. ಬಟ್ಟೆಯೊಳಗಿಂದ ಒಂದಿಷ್ಟು ಎಣ್ಣೆ ಸೋಸಿ ಹೋಗುತ್ತಿದ್ದಿರಬೇಕು, ಇಲ್ಲದಿದ್ದರೆ ಅಷ್ಟು ದಿನವೂ ಓಡುತ್ತಿರಲಿಲ್ಲ. ಏಳನೆಯ ದಿನ ಗೌಡರ ಆಳು ಬಸ್ಸಿನಲ್ಲಿ ಬಂದು, "ಗದ್ದಿ ಕಲಸೋ ಮುಂದ ಒಳಗ ಗುಂಡು ಬಡದಂಗ ಆತ್ರಿ, ಆಮ್ಯಾಲ ಹಿಡ್ಕೊಂಡು ನಿಂತೈತ್ರಿ," ಎಂದ. ಕೆನಾಲಿನ ನೀರಿನ ಸರದಿ ಗೌಡರಿಗೆ ಇನ್ನು ಮೂರೇ ದಿನ ಇತ್ತು. ಸಸಿ ಮಡಿಯಲ್ಲಿ ಬಲಿತು ನಿಂತಿದ್ದವು. ಬೇರೆಯವರ ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಬಂದರು. ಗೌಡರೂ ಮಾವನವರೂ ಅದರ ಹಿಂದೆಯೇ ಬಂದರು.

ಇಂಜಿನಿನ ತಳದ ಚೇಂಬರ್ ಇಳಿಸಿದಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. ಒಂದು, ಎರಡನೆಯ ಬೇರಿಂಗುಗಳು ಬೆಳ್ಳಿಯ ಹಾಗಿದ್ದವು. ಮೂರನೆಯದು ಸೀದ ಬೆಲ್ಲದ ಹಾಗೆ ಕಪ್ಪಾಗಿ ಕ್ರ್ಯಾಂಕಿಗೆ ಹತ್ತಿಕೊಂಡಿತ್ತು. ಕ್ರ್ಯಾಂಕಿನ ಮೇಲೆ ಉಗುರು ಸಿಕ್ಕುವಷ್ಟು ಗೀರು. ಕೊನೆಯ ಅಳತೆಯ ಕ್ರ್ಯಾಂಕ್ ಅದು, ಮುಗಿದುಹೋಯಿತು.

"ಇದನ್ನ ಕುಂದ್ರಿಸಿದವರು ಯಾರು?" ಎಂದು ಗೌಡರು ಕೇಳಿದರು.

"ನಾನರಿ," ಎಂದರು ಕಾಕಾ.

ಮಾವನವರು ತಮ್ಮ ಮಗನ ಕಡೆ ತಿರುಗಿದರು. "ಕುರುಡನ ಕೈಯಾಗ ಬೇರಿಂಗ್ ಕೊಟ್ಟಿಯಲ್ಲೊ. ನನ್ನ ಆಯದ ಮನಿ ಮುಂದ ಮಾನ ತಗದಿ."

ನಿಮ್ಮ ಮುತ್ಯಾ, "ಅವರ ಕೈ ತಪ್ಪಂಗಿಲ್ಲಪ್ಪ," ಎಂದರು. ಆದರೆ ತಪ್ಪದಿದ್ದರೆ ಮೂರನೆಯದೊಂದೇ ಏಕೆ ಸುಟ್ಟಿತು? ಎಣ್ಣೆ ಬಂದಿತ್ತಲ್ಲ, ನಾನೇ ನೋಡಿ ಹೇಳಿದ್ದೆನಲ್ಲ ಎಂದು ಎಲ್ಲರೂ ನಂಬಿದ್ದರು.

ಕಾಕಾ ಆ ಬೇರಿಂಗನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಬಹಳ ಹೊತ್ತು ಸವರಿದರು. ಕಣ್ಣ ಹತ್ತಿರ ತಂದರು, ಬೆಳಕಿಗೆ ಹಿಡಿದರು. "ಬೇರಿಂಗಿನ ಕ್ಯಾಪ್ ಉಲ್ಟಾ ಹಾಕಿರಬೇಕು ನಾ. ಗೊತ್ತಾಗವಲ್ದು," ಎಂದರು. ಬೈಗುಳ ಕೇಳಿದ್ದಕ್ಕಿಂತ ಅವರು ಹಾಗೆ ಅಂದದ್ದಕ್ಕೆ ನನಗೆ ಹೆಚ್ಚು ನೋವಾಯಿತು. ಆದರೂ ನಾನು ಬಾಗಿಲ ಹಿಂದಿನಿಂದ ಈಚೆ ಬರಲಿಲ್ಲ.

ಮರುದಿನ ಬ್ಲಾಕ್ ತೊಳೆಯುವ ಕೆಲಸ ಮತ್ತೆ ನನ್ನದೇ. ಈ ಸಲ ಹೊಸ ಬ್ರಶ್ ಇತ್ತು. ಮೂರನೆಯ ಸಿಲಿಂಡರಿಗೆ ಹೋಗುವ ದಾರಿಯಲ್ಲಿ ಬ್ರಶ್ ಮೆತ್ತಗಿನದೇನನ್ನೋ ಮುಟ್ಟಿ ನಿಂತಿತು. ತಂತಿಯ ಕೊಕ್ಕೆ ಹಾಕಿ ಎಳೆದೆ. ಹೆಬ್ಬೆರಳಿನಷ್ಟು ಉದ್ದದ ಬಟ್ಟೆ, ಎಣ್ಣೆಯಲ್ಲಿ ನೆನೆದು ಕಪ್ಪಾಗಿತ್ತು. ಡೀಸೆಲಿನಲ್ಲಿ ಅದ್ದಿ ಹಿಂಡಿದೆ. ಹಸಿರು ಬಂತು.

ಕಾಕಾ ನನ್ನಿಂದ ನಾಲ್ಕು ಮಾರು ದೂರದಲ್ಲಿ ಕೂತು ತಮ್ಮ ಸಾಮಾನು ಒರೆಸುತ್ತಿದ್ದರು. ನಾನು ಆ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು, ಯಾರೂ ನೋಡಲಿಲ್ಲವೆಂದು ತಿಳಿದುಕೊಂಡು, ಟೊಂಕದಲ್ಲಿ ಸಿಕ್ಕಿಸಿದೆ.

ಆ ಮಧ್ಯಾಹ್ನವೇ ಕಾಕಾ ಫಿಲ್ಲರ್ ಗೇಜನ್ನೂ ಅಳತೆಯ ಸಾಮಾನನ್ನೂ ಒಂದು ವಸ್ತ್ರದಲ್ಲಿ ಕಟ್ಟಿ ನಿಮ್ಮ ಮುತ್ಯಾನ ಕೈಗೆ ಕೊಟ್ಟರು. "ಇನ್ನ ನನ್ನ ಕೈಲೆ ಆಗಂಗಿಲ್ಲೊ. ಸುರಪುರದಾಗ ಮಗಳ ಮನ್ಯಾಗ ಇರ್ತೀನಿ." ನಿಮ್ಮ ಮುತ್ಯಾ ಎಷ್ಟು ಹೇಳಿದರೂ ಕೇಳಲಿಲ್ಲ. ಹೊರಡುವಾಗ ಬಾಗಿಲ ಕಡೆ ಮುಖ ಮಾಡಿ, "ಬರ್ತೀನಿ ಬೇಟಿ," ಎಂದರು. ಟೊಂಕದಲ್ಲಿನ ಎಣ್ಣೆ ಬಟ್ಟೆ ಸೀರೆಗೆ ಇಳಿದು ತಣ್ಣಗೆ ತಾಗುತ್ತಿತ್ತು. "ಹೂಂ ರಿ," ಎಂದೆ.

ಬೇರೆ ಕ್ರ್ಯಾಂಕ್ ಹುಡುಕಲು ನಿಮ್ಮ ಮುತ್ಯಾ ಅಲೆದಾಡಿದರು. ಗೌಡರು ಇನ್ನೊಬ್ಬರ ಟ್ರ್ಯಾಕ್ಟರ್ ಹಿಡಿದು ತಡವಾಗಿ ನಾಟಿ ಮುಗಿಸಿದರು. ಕ್ರ್ಯಾಂಕ್ ಸಿಕ್ಕ ಮೇಲೆ ಬೇರಿಂಗುಗಳನ್ನು ನಿಮ್ಮ ಮುತ್ಯಾ ಒಬ್ಬರೇ ಕೂರಿಸಿದರು. ಒಂದೊಂದನ್ನೂ ಮೂರು ಮೂರು ಸಲ ಬಿಚ್ಚಿ ನೋಡಿದರು. "ಕಾಕಾ ಇದ್ರ ಬೆರಳಿಂದ ಹೇಳ್ತಿದ್ರು," ಎನ್ನುತ್ತಿದ್ದರು. ನಾನು ಎಣ್ಣೆ ದಾರಿಗಳನ್ನು ಬ್ರಶ್ಶಿನಿಂದ ತಿಕ್ಕಿ, ಸೈಕಲ್ ಪಂಪಿನಿಂದ ಗಾಳಿ ಹಾಕಿ, ಪ್ರತಿ ತೂತಿಗೂ ಕಿವಿ ಇಟ್ಟು ಕೇಳಿದೆ. ಮಾಡಿದ್ದೆಲ್ಲ ಕಾಕಾ ಹೇಳಿಕೊಟ್ಟಂತೆಯೇ. ಮಾಡಬೇಕಾದಾಗ ಮಾಡಿರಲಿಲ್ಲ.

ಎರಡನೆಯ ಸಲ ಚಾಲೂ ಮಾಡುವ ದಿನವೂ ಅದೇ ಜನ ಬಂದರು. ನಗು ಇರಲಿಲ್ಲ. ಮಾವನವರು ಯಾರೂ ಹೇಳುವ ಮೊದಲೇ ಸೀಟಿನ ಮೇಲೆ ಹತ್ತಿ ಕೂತು, "ಕುರುಡ ಹೋದ. ಈ ಸಲ ಸರಿ ಆಗತೈತಿ," ಎಂದರು.

ಪಂಪಿನ ಹ್ಯಾಂಡಲ್ ಈಗ ನನ್ನ ಕೈಯಲ್ಲಿತ್ತು. ಒಂದನೆಯದು ಬಂತು. ಎರಡನೆಯದು ಬಂತು. ನಿಮ್ಮ ಮುತ್ಯಾ ಪಾನಾ ಹಿಡಿದು ನನ್ನ ಮುಖ ನೋಡಿದರು. ಅದೇ ಧೋತ್ರ, ಅದೇ ಹೆಡ್. ನಾನು ಹ್ಯಾಂಡಲ್ ಬಿಟ್ಟು ಸೀಟಿನ ಹತ್ತಿರ ಹೋದೆ.

"ಮಾವಾರ, ಕೆಳಗ ಇಳೀರಿ."

ನಾನು ಅವರೊಂದಿಗೆ ಆಡಿದ ಮೊದಲ ಮಾತು ಅದು. ಮಾವನವರು ಮಗನನ್ನು ನೋಡಿದರು. ಮಗ ತಲೆ ತಗ್ಗಿಸಿದ್ದರು.

"ಏನಂದ್ಲೊ?"

"ಎಣ್ಣಿ ನೋಡಬೇಕ್ರಿ. ನೀವು ಕುಂತ್ರ ಕಾಣಂಗಿಲ್ಲ," ಎಂದು ನಾನೇ ಹೇಳಿದೆ.

ಅವರು ಒಂದು ಸಲ ಕೆಮ್ಮಿ, ಕೆಳಗಿಳಿದು ಅಷ್ಟು ದೂರ ಹೋಗಿ ನಿಂತರು. ನಾನು ಮೆಟ್ಟಿಲ ಮೇಲೆ ಕಾಲಿಟ್ಟು ಸೆರಗು ಹಿಂದೆ ಸರಿಸಿ ಬಗ್ಗಿದೆ. ಗೌಡರ ಆಳಿಗೆ ಹ್ಯಾಂಡಲ್ ಒತ್ತಲು ಹೇಳಿದೆ. ಬುರುಗು ಬಂತು. "ಬಂದಿಲ್ಲ," ಎಂದೆ. ಕಾಲು ಸುತ್ತು ತಿರುಗಿಸಿದರು. ಮತ್ತೆ ಬುರುಗು. "ಬಂದಿಲ್ಲ." ಗೌಡರು ಗಡಿಯಾರ ನೋಡಿ ಕೈ ಕೆಳಗಿಳಿಸಿದರು. ಹನ್ನೆರಡೋ ಹದಿಮೂರೋ ಸಲ ಒತ್ತಿದ ಮೇಲೆ ರಾಕರಿನ ನೆತ್ತಿಯಲ್ಲಿ ತಿಳಿ ಎಣ್ಣೆ ಮೂಡಿ, ದಾರದಂತೆ ಇಳಿಯಿತು.

"ಈಗ ಬಂತ್ರಿ."

ಎಷ್ಟು ಸುಲಭವಾಗಿತ್ತು ಎಂಬುದು ಆಗ ತಿಳಿಯಿತು. ಮೆಟ್ಟಿಲು ಒಂದೇ ಇತ್ತು.

ಇಂಜಿನ್ ಹಿಡಿಯಿತು, ಅವರೆಲ್ಲ ಹೋದರು. ನಿಮ್ಮ ಮುತ್ಯಾ ಕೈ ತೊಳೆಯದೆಯೇ ಅಡುಗೆಮನೆಯ ಹೊಸ್ತಿಲಲ್ಲಿ ಬಂದು ಕೂತರು. "ಹೋದ ಸಲ ನೋಡಿದ್ದಿಲ್ಲಲ್ಲ?" ಎಂದರು.

ನಾನು ಹಿಟ್ಟಿನ ಡಬ್ಬದ ಹಿಂದಿಟ್ಟಿದ್ದ ಬಟ್ಟೆಯನ್ನು ತಂದು ಅವರ ಮುಂದಿಟ್ಟೆ. ಅವರು ಅದನ್ನು ಎತ್ತಿ ಬೆರಳಲ್ಲಿ ಹಿಂಡಿ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

"ಅಪ್ಪಗ ಹೇಳಬ್ಯಾಡ. ಹೇಳಿದ್ರ ನಿನ್ನ ಶೆಡ್ಡಿನಾಗ ಕಾಲಿಡಾಕ ಬಿಡಂಗಿಲ್ಲ. ಸಗರದ ಗೌಡ್ರ ಮನಿ ಆಯನೂ ಮುರೀತೈತಿ," ಎಂದರು. ಬಟ್ಟೆಯನ್ನು ನನ್ನ ಕೈಗೆ ಕೊಟ್ಟು, "ಕಾಕಾಗ ಹೇಳು. ನೀನ ಹೋಗಿ ಹೇಳು," ಎಂದರು.

ಮಕ್ಕಳೇ, ಮಾವನಿಗೆ ಹೇಳಬೇಡ ಎಂದಾಗ ನನಗೆ ಒಳಗೊಳಗೆ ಹಗುರವಾಯಿತು. ಅದನ್ನೂ ಬರೆದಿಡಬೇಕು.

ನಾನು ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ಕಂಡಕ್ಟರ್ ಎರಡು ಸಲ ಕೇಳಿದ ಮೇಲೆ ಸುರಪುರ ಎಂದೆ. ಕಾಕಾನ ಮಗಳ ಮನೆಯನ್ನು ಕೇಳುತ್ತ ಹೋದಾಗ ಅವರು ಜಗುಲಿಯ ಮೇಲೆ ಯಾರದೋ ಸೀಮೆಎಣ್ಣೆ ಒಲೆಯನ್ನು ಬಿಚ್ಚಿ ಕೂತಿದ್ದರು. ತಲೆ ಎತ್ತಲಿಲ್ಲ. "ಯಾರದು, ಬೇಟಿಯೇನು? ಬಳಿ ಸಪ್ಪಳ ಗೊತ್ತಾತು," ಎಂದರು.

ಕೂತೆ. ಏನೇನೋ ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಅದನ್ನೆಲ್ಲ ಬಿಟ್ಟು ಬಟ್ಟೆಯನ್ನು ಅವರ ಅಂಗೈಯಲ್ಲಿಟ್ಟೆ. ಅವರು ಬೆರಳಿನಿಂದ ತೀಡಿದರು, ಮೂಸಿದರು.

"ಸೀರಿ ಬಟ್ಟಿ. ಡೀಸಲ್ ವಾಸ್ನಿ. ಎಲ್ಲಿ ಸಿಕ್ಕಿತ್ತು?"

"ಮೂರನೇದರ ದಾರ್ಯಾಗ್ರಿ. ನಾ ಎಣ್ಣಿ ನೋಡಿದ್ದಿಲ್ಲ. ಮಾವಾರು ಕುಂತಿದ್ರು. ನೋಡದ ಬಂದೈತಿ ಅಂದೆ."

ಒಳಗೆ ಅವರ ಮಗಳು ಖಾರ ಕುಟ್ಟುವ ಸದ್ದು ಕೇಳುತ್ತಿತ್ತು. ಕಾಕಾ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ಮಡಿಸಿದರು.

"ಅಂದ್ರ ಬೇರಿಂಗ್ ನಾ ಸರಿ ಕುಂದ್ರಿಸಿದ್ದೆ."

"ಹೌದ್ರಿ."

"ಹ್ಯಾಂಡಲ್ ಬಿರುಸಾದಾಗ ನನ್ನ ಕೈ ಹೇಳಿತ್ತು. ನಾ ಕೈ ಮಾತು ಬಿಟ್ಟು ನಿನ್ನ ಮಾತು ಕೇಳಿದೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಯಾವ ನಟ್ಟು ಎಲ್ಲಿ ಸಡಿಲಾಯಿತೆಂದು ಹುಡುಕುವಾಗ ಮಾತಾಡುತ್ತಾರಲ್ಲ, ಹಾಗಿತ್ತು. ಆಮೇಲೆ, "ಸಗರದವ್ರಿಗಿ ಹೇಳ್ತಿಯೇನು?" ಎಂದು ಕೇಳಿದರು.

ನಾನು ನೆಲ ನೋಡಿದೆ. ಅವರಿಗೆ ನನ್ನ ಮುಖ ಕಾಣುತ್ತಿರಲಿಲ್ಲ, ಆದರೂ ತಿಳಿಯಿತು.

"ಇರ್ಲಿ ಬಿಡು," ಎಂದು ಬಟ್ಟೆಯನ್ನು ನನಗೇ ತಿರುಗಿ ಕೊಟ್ಟರು. "ನೀನ ಇಟ್ಕೊ."

ಒಂದು ತಿಂಗಳಾದ ಮೇಲೆ ನಿಮ್ಮ ಮುತ್ಯಾ ಹೋಗಿ ಅವರನ್ನು ಕರೆತಂದರು. ಮತ್ತೆ ಆರು ವರ್ಷ ಅವರು ನಮ್ಮ ಶೆಡ್ಡಿನಲ್ಲಿ ಕೆಲಸ ಮಾಡಿದರು. ನನ್ನನ್ನು ಮೊದಲಿನಂತೆಯೇ ಬೇಟಿ ಎಂದರು, ಮೊದಲಿನಂತೆಯೇ ಚೇಷ್ಟೆ ಮಾಡಿದರು. ಒಂದು ಮಾತ್ರ ಬದಲಾಯಿತು. ನಾನು "ಬಂತ್ರಿ" ಎಂದ ಮೇಲೆ ಅವರು ಎದ್ದು ಬಂದು, ಪ್ರತಿ ಹೆಡ್ಡಿನ ರಾಕರ್ ಮೇಲೂ ಬೆರಳಿಟ್ಟು, ಹೆಬ್ಬೆರಳಿಗೆ ತಿಕ್ಕಿ ಎಣ್ಣೆ ನೋಡುತ್ತಿದ್ದರು. ಅವರು ತೀರಿಹೋಗುವವರೆಗೆ ಒಂದು ಇಂಜಿನಿಗೂ ಆ ಬೆರಳು ತಪ್ಪಲಿಲ್ಲ.

ಮಾವನವರು ಹೋದರು, ಗೌಡರು ಹೋದರು, ನಿಮ್ಮ ಮುತ್ಯಾನೂ ಹೋದರು. ಹೇಳಬೇಡ ಎನ್ನುವವರು ಯಾರೂ ಉಳಿದಿಲ್ಲದಿದ್ದರೂ ನಾನು ಹೇಳಲಿಲ್ಲ. ಹೋದ ಸೂಟಿಯಲ್ಲಿ ಮೌನೇಶ ಸೈಕಲ್ಲಿನ ಚೈನ್ ಹಾಕಿ ಹತ್ತುತ್ತಲೇ ಅದು ಮತ್ತೆ ಕಳಚಿತು. ಸಾವಿತ್ರಿ ನಕ್ಕು, "ಕುರುಡ ಕಾಕಾನ ಬೇರಿಂಗ್ ಆತು ನೋಡು," ಎಂದಳು. ಎಲ್ಲಿ ಕಲಿತೆ ಎಂದು ಕೇಳಿದೆ. ಸಗರದಲ್ಲಿ ಕೆಲಸ ಕೆಟ್ಟರೆ ಎಲ್ಲರೂ ಹಾಗೇ ಅನ್ನುತ್ತಾರೆ ಎಂದಳು. ಕಾಕಾ ಯಾರೆಂದು ಅವಳಿಗೆ ತಿಳಿಯದು. ಅನ್ನುವವರಿಗೂ ತಿಳಿದಿರಲಾರದು. ಆ ಮಾತು ಮಾತ್ರ ಉಳಿದಿದೆ, ಅದು ನನ್ನ ಬಾಯಿಂದ ಹುಟ್ಟಿದ್ದು.

ಸಾವಿತ್ರಿ, ನಿನ್ನ ತಪ್ಪಿಲ್ಲ. ಇನ್ನು ಮುಂದೆ ಅನ್ನಬೇಡ, ಅಷ್ಟೇ. ಬೇರೆಯವರು ಅಂದದ್ದು ಕೇಳಿದರೆ ಆ ಬೇರಿಂಗ್ ಸರಿಯಾಗಿ ಕೂತಿತ್ತೆಂದು ಹೇಳು. ನಂಬದಿದ್ದರೆ ಇದನ್ನು ಓದಿ ತೋರಿಸು. ಸುರಪುರದಲ್ಲಿ ಕಾಕಾನ ಮೊಮ್ಮಕ್ಕಳಿದ್ದಾರೆ. ನೀವಿಬ್ಬರೂ ಒಮ್ಮೆ ಹೋಗಿ ಅವರಿಗೂ ಓದಿ ಹೇಳಿ. ನಾನೇ ಹೋಗಬೇಕಿತ್ತು.

ಹಸಿರು ಬಟ್ಟೆಯನ್ನು ಕೊನೆಯ ಹಾಳೆಗೆ ಟಾಚಣಿ ಚುಚ್ಚಿ ಇಟ್ಟಿದ್ದೇನೆ. ಇಷ್ಟು ವರ್ಷವಾದರೂ ಅದರಲ್ಲಿ ಎಣ್ಣೆಯ ಪಸೆ ಇದೆ, ಅಕ್ಷರಕ್ಕೆ ತಾಗಿದರೆ ಹರಡುತ್ತದೆ. ನಡುವೆ ಒಂದು ಖಾಲಿ ಹಾಳೆ ಇಟ್ಟು, ಒಣ ಜಾಗದಲ್ಲಿ, ಈ ಕಾಗದಗಳನ್ನು ಜೋಪಾನವಾಗಿಡಿ.